ಸೋಮವಾರ ಬಂಡಿ ಕಟ್ಟಬಾರದು

ನಮ್ಮೂರಿನ ಹೆಸರು ಹೇಳಿದರೆ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಅರಿಶಿನಕುಂಟೆ ಅಂತ. "ಬೆಂಗಳೂರಿಂದ ತುಮಕೂರು ರಸ್ತೆಯಲ್ಲಿ ಬಂದ್ರೆ ನೆಲಮಂಗಲಕ್ಕಿಂತ ಮುಂಚೆ ಸಿಗುತ್ತೆ" ಅಂತ ಬಿಡಿಸಿ ಹೇಳಬೇಕು. ಆಗ "ಓಹ್, ಆ ಟೋಲ್ ಕಡೆನಾ?" ಅನ್ನುತ್ತಾರೆ. ಇನ್ನು ಕೆಲವರಿಗೆ ವಿಶ್ವಶಾಂತಿ ಆಶ್ರಮದ ಎತ್ತರದ ಮೂರ್ತಿಗಳು ನೆನಪಾಗುತ್ತವೆ. ಒಟ್ಟಿನಲ್ಲಿ ನಮ್ಮದು ನಿಲ್ಲುವ ಊರಲ್ಲ, ದಾಟುವ ಊರು. ಬೆಂಗಳೂರು ಬಿಟ್ಟು ಬಂದವರಿಗೆ ಇನ್ನೂ ನಿಲ್ಲುವಷ್ಟು ದಣಿವಾಗಿರುವುದಿಲ್ಲ, ಬೆಂಗಳೂರಿಗೆ ಹೋಗುವವರಿಗೆ ನಿಲ್ಲುವಷ್ಟು ತಾಳ್ಮೆ ಇರುವುದಿಲ್ಲ.

ಅಂಥ ಊರಲ್ಲಿ 2023ರ ಡಿಸೆಂಬರಿನಲ್ಲಿ ಹನ್ನೊಂದು ಜನ ಸೈಕಲ್ ಸವಾರರು ಒಂದು ಇಡೀ ದಿನ ಸುಮ್ಮನೆ ಕೂತರು. ಅವರು ಸುಮ್ಮನೆ ಕೂತದ್ದನ್ನು ನೋಡಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಆವತ್ತಿನಿಂದ ತಲೆಯೊಳಗೆ ಹೊಕ್ಕ ಹುಳ ಇದು. ಈಗ ನಿಮ್ಮ ತಲೆಗೂ ಬಿಡುತ್ತಿದ್ದೇನೆ :-)

ಅದು ಡಿಸೆಂಬರ್ 17, ಭಾನುವಾರ ಸಂಜೆ. ಧನುರ್ಮಾಸ ಆಗಷ್ಟೇ ಶುರುವಾಗಿತ್ತು. ಮದುವೆಗಳಿಲ್ಲದೆ ನಮ್ಮ ಚಿಕ್ಕಪ್ಪ ನೋಡಿಕೊಳ್ಳುವ ಪುಟ್ಟ ಛತ್ರ ಖಾಲಿ ಹೊಡೆಯುತ್ತಿತ್ತು. ಬೆಳಗಾವಿಯಿಂದ ಕನ್ಯಾಕುಮಾರಿಗೆ ಹೊರಟ ಗುಂಪೊಂದು ಎರಡು ರಾತ್ರಿ ತಂಗಲು ಜಾಗ ಕೇಳಿ ಬಂತು. ಆರು ದಿನ ಸತತವಾಗಿ ತುಳಿದು, ಸುಮಾರು ಐನೂರು ಕಿಲೋಮೀಟರ್ ದಾಟಿ ಬಂದಿದ್ದರು. ಮುಖ ಸುಟ್ಟಿತ್ತು, ತುಟಿ ಒಡೆದಿತ್ತು, ಇಬ್ಬರು ಕೂರುವುದಕ್ಕೇ ಹೆದರುತ್ತಿದ್ದರು. ಅವರ ಮುಂದಾಳು ಅರವತ್ತು ದಾಟಿದ ನಿವೃತ್ತ ಮೇಷ್ಟ್ರು. ಎಲ್ಲರೂ ಅವರನ್ನು 'ಸರ್' ಅಂತಲೇ ಕರೆಯುತ್ತಿದ್ದರು.

"ನಾಳೆ ಎಷ್ಟೊತ್ತಿಗೆ ಹೊರಡ್ತೀರಿ ಸರ್?" ಅಂತ ನಾನು ಕೇಳಿದೆ.

"ನಾಳೆ ಸೂಟಿ ರೀ. ನಾಳೆ ಯಾರೂ ಗಾಡಿ ಮುಟ್ಟಂಗಿಲ್ಲ" ಅಂದರು.

ಆ 'ಮುಟ್ಟಂಗಿಲ್ಲ' ಅನ್ನುವುದನ್ನು ಅವರು ನನಗೆ ಹೇಳಿದ್ದಲ್ಲ, ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗನಿಗೆ ಹೇಳಿದ್ದು ಅಂತ ಆಮೇಲೆ ಗೊತ್ತಾಯಿತು. ಆ ಹುಡುಗನಿಗೆ ನಮ್ಮ ಶಿವಗಂಗೆ ಬೆಟ್ಟದ ಮೇಲೆ ಕಣ್ಣು. ಬೆಳಿಗ್ಗೆ ಎದ್ದವನೇ ಹೆಲ್ಮೆಟ್ ಹಾಕಿಕೊಂಡು ರೆಡಿ. "ಸರ್, ಬರೇ ಮೂವತ್ತು ಕಿಲೋಮೀಟರ್ ಐತ್ರಿ, ಹೋಗಿ ಹತ್ತಿ ಬಂದ್ಬಿಡ್ತೀನ್ರಿ" ಅಂತ ಗೋಗರೆಯುತ್ತಿದ್ದ. "ಹೋಗಿ ಬರಾಕ ಅರವತ್ತು. ಮ್ಯಾಲ ಗುಡ್ಡ ಬ್ಯಾರೆ. ನಿನ್ನ ಮೊಣಕಾಲು ನಿನ್ನೆ ಸಿರಾ ದಾಟಿದ ಮ್ಯಾಲ ಏನ್ ಹೇಳ್ತಿತ್ತು, ನಾ ನೋಡೀನಿ" ಅಂತ ಮೇಷ್ಟ್ರು. ಹುಡುಗನ ಮುಖ ಊದಿಕೊಂಡಿತು. ಅವನ ಫೋನಿನಲ್ಲಿ ದಿನದಿನದ ದೂರ ಅಳೆಯುವ ಆಪ್ ಇದೆಯಂತೆ, ಅದರಲ್ಲಿ ಸೋಮವಾರದ ಎದುರು ಸೊನ್ನೆ ಕಾಣುತ್ತದೆಯಂತೆ, ಊರಿನ ಗೆಳೆಯರೆಲ್ಲ ನೋಡುತ್ತಾರಂತೆ.

ಅಷ್ಟರಲ್ಲಿ ನಮ್ಮಜ್ಜಿ ಕೋಲೂರಿಕೊಂಡು ಬಂದಳು. ಯಾರೋ ಸೈಕಲ್ ತುಳಿದುಕೊಂಡು ದೂರದೂರಿಂದ ಬಂದಿದ್ದಾರೆ ಅಂತ ಕೇಳಿ ನೋಡಲು ಬಂದದ್ದು. ಸಾಲಾಗಿ ಗೋಡೆಗೆ ಒರಗಿಸಿದ್ದ ಹನ್ನೊಂದು ಸೈಕಲ್ ನೋಡಿ, ಮಲಗಿದ್ದವರನ್ನು ನೋಡಿ ಕೇಳಿದಳು.

"ಏನ್ರಪ್ಪಾ, ಇವತ್ತು ಸ್ವಾಮಾರ ಅಂತ ಬಂಡಿ ಕಟ್ಲಿಲ್ವಾ?"

ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಎದ್ದು ಬಂದು ಅಜ್ಜಿಗೆ ಕುರ್ಚಿ ಹಾಕಿ ಹೇಳಿದರು, "ಹೌದವ್ವಾ. ನಮ್ಮ ಕಡೀನೂ ಸೋಮವಾರ ಎತ್ತು ಹೂಡಂಗಿಲ್ಲ."

ನೋಡಿ, ಅಲ್ಲಿಂದ ಶುರುವಾಯಿತು.

ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ನಮ್ಮ ಬಯಲುಸೀಮೆಯಲ್ಲಿ ಸೋಮವಾರ ಬಸವನ ದಿನ. ಆ ದಿನ ಎತ್ತಿನ ಕುತ್ತಿಗೆಗೆ ನೊಗ ಇಡುವುದಿಲ್ಲ, ಆರು ಕಟ್ಟುವುದಿಲ್ಲ. ಮೈ ತೊಳೆಯುತ್ತಾರೆ, ಹಣೆಗೆ ಅರಿಶಿನ ಕುಂಕುಮ ಇಡುತ್ತಾರೆ. ಒಕ್ಕಲಿಗರ ಮನೆಯಲ್ಲೂ ಅದೇ, ಲಿಂಗಾಯತರ ಮನೆಯಲ್ಲೂ ಅದೇ. ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದೂ ಕಾರ್ತಿಕದ ಕೊನೆಯ ಸೋಮವಾರವೇ. ಪೇಟೆ ಎಷ್ಟು ಬೆಳೆದರೂ ಆ ವಾರ ಮಾತ್ರ ಬದಲಾಗಿಲ್ಲ.

ಇದು ಭಕ್ತಿ ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ಆವತ್ತು ಅಜ್ಜಿ ಆ ಹುಡುಗನಿಗೆ ಹೇಳಿದ ಮಾತು ಬೇರೆಯೇ ಇತ್ತು. "ಅದು ಬಾಯಿಲ್ಲದ್ದು ಕಣ್ ಮಗಾ. ಸಾಕು ಅನ್ನಕ್ಕೆ ಬರಲ್ಲ ಅದಕ್ಕೆ. ಕಟ್ಟುದ್ರೆ ಎಳೀತದೆ, ಬೀಳೋಗಂಟ ಎಳೀತದೆ. ಅದಕ್ಕೇ ನಾವೇ ಒಂದಿನ ಇಟ್ಟಿರೋದು."

ಯೋಚಿಸಿ ನೋಡಿ. ಎತ್ತಿಗೆ ದಣಿವಾದಾಗ ಬಿಡುವು ಕೊಡುತ್ತೇನೆ ಅಂತ ರೈತ ಅಂದುಕೊಂಡರೆ ಆ ಬಿಡುವು ಯಾವತ್ತೂ ಬರುವುದಿಲ್ಲ. ಮಳೆ ಬಂದ ಮಾರನೆ ದಿನ ಉಳಲೇಬೇಕು ಅನ್ನಿಸುತ್ತದೆ, ಸಂತೆಯ ದಿನ ಬಂಡಿ ಹೂಡಲೇಬೇಕು ಅನ್ನಿಸುತ್ತದೆ. ಆಸೆಗೆ ಯಾವಾಗಲೂ ಒಂದು ಒಳ್ಳೆಯ ಕಾರಣ ಸಿಕ್ಕೇ ಸಿಗುತ್ತದೆ. ಅದಕ್ಕೇ ದಣಿವಿಗೂ ಬಿಡುವಿಗೂ ಸಂಬಂಧವನ್ನೇ ಕಡಿದು ಹಾಕಿ, ವಾರಕ್ಕೊಂದು ದಿನ ಅಂತ ಮೊದಲೇ ಗೊತ್ತು ಮಾಡಿಟ್ಟರು. ದಣಿದಿರಲಿ ಬಿಡಲಿ, ಸೋಮವಾರ ಅಂದರೆ ಸೋಮವಾರ. ಮೇಲೆ ದೇವರ ಹೆಸರನ್ನೂ ಇಟ್ಟರು, ಯಾರೂ ಚೌಕಾಸಿ ಮಾಡದಿರಲಿ ಅಂತ.

ನಮ್ಮ ಮೈಸೂರು ಸೀಮೆಯಲ್ಲಿ ಎತ್ತುಗಳ ಶಕ್ತಿಗೆ ದೊಡ್ಡ ಹೆಸರಿತ್ತು. ಅಮೃತಮಹಲ್ ತಳಿಯ ಎತ್ತುಗಳನ್ನು ಕಟ್ಟಿಕೊಂಡು ಹೈದರಾಲಿಯ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ, ಅಂದರೆ 160 ಕಿಲೋಮೀಟರ್ ನಡೆದದ್ದನ್ನು ಹಳೆಯ ಗೆಜೆಟಿಯರಿನಲ್ಲಿ ಬೆರಗಿನಿಂದ ಬರೆದಿದ್ದಾರೆ. ಅಂಥ ಓಟ ಯುದ್ಧದಲ್ಲಿ ಎಂದೋ ಒಮ್ಮೆ. ದಿನನಿತ್ಯದ ಬಂಡಿ ದಾರಿಯ ಲೆಕ್ಕ ಬೇರೆ. ಅಲ್ಲಿ ದೂರವನ್ನು ಮಜಲಿನಲ್ಲಿ ಅಳೆಯುತ್ತಿದ್ದರು. ಒಂದು ದಿನದ ಪಯಣ ಒಂದು ಮಜಲು. ಅಂದರೆ ಎಷ್ಟು ದೂರ ಹೋದೆ ಅನ್ನುವುದಕ್ಕಿಂತ ಎಲ್ಲಿ ನಿಂತೆ ಅನ್ನುವುದೇ ಅಳತೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. 'ಬಿಡು' ಅನ್ನುವ ಒಂದೇ ಮಾತಿನ ಸುತ್ತ ಬಿಡುವು, ಬೀಡು, ಬಿಡದಿ ಎಲ್ಲ ಸೇರಿಕೊಂಡಿವೆ. ನೊಗ ಬಿಟ್ಟ ಜಾಗವೇ ಬೀಡು. ಗಂಡಿನ ಕಡೆಯವರು ಇಳಿದುಕೊಳ್ಳುವ ಮನೆ ಬಿಡದಿ. ರಸ್ತೆ ಪಕ್ಕದ ಹಳೆಯ ವಸ್ತುಗಳನ್ನೇ ನೋಡಿ. ತಲೆಹೊರೆ ಇಳಿಸುವ ಕಲ್ಲು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎರಡು ಕಂಬ, ಮೇಲೊಂದು ಚಪ್ಪಡಿ, ಸರಿಯಾಗಿ ತಲೆಯೆತ್ತರಕ್ಕೆ. ಹೊರೆ ಹೊತ್ತವನು ಯಾರ ಸಹಾಯವೂ ಇಲ್ಲದೆ ಇಳಿಸಬಹುದು, ಸುಧಾರಿಸಿಕೊಂಡು ಮತ್ತೆ ತಾನೇ ಹೊತ್ತುಕೊಳ್ಳಬಹುದು. ಆಮೇಲೆ ಬೇಸಿಗೆಯ ಅರವಟ್ಟಿಗೆ, ಸಾಲುಮರ, ಅಲ್ಲಲ್ಲಿ ಕಟ್ಟೆ, ಕುಂಟೆ. ಕುಂಟೆ ಅಂದರೆ ಕೆರೆಗಿಂತ ಚಿಕ್ಕದು, ಜನ ಜಾನುವಾರು ನೀರು ಕುಡಿಯಲು ನಿಲ್ಲುವ ಹೊಂಡ. ನಮ್ಮೂರಿನ ಹೆಸರಿನಲ್ಲೇ ಅದಿದೆ. ದಾಟುವ ಊರು ಅಂತ ಮೊದಲು ಹೇಳಿದೆನಲ್ಲ, ಹೆಸರು ನೋಡಿದರೆ ನಮ್ಮದು ನಿಲ್ಲುವ ಊರೇ!

ಇನ್ನು ಛತ್ರ. ಈಗ ಬೆಂಗಳೂರಿನ ಸುತ್ತಮುತ್ತ ಛತ್ರ ಅಂದರೆ ಮದುವೆ ಮಾಡುವ ಜಾಗ. ಆದರೆ ಮೂಲದಲ್ಲಿ ಅದು ದಾರಿಹೋಕರದ್ದು. ಇದೇ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಗುಬ್ಬಿ ಸಿಗುತ್ತದಲ್ಲ, ಅಲ್ಲಿಂದ ಬೆಂಗಳೂರಿಗೆ ಬಂದು ವ್ಯಾಪಾರ ಮಾಡಿದ ತೋಟದಪ್ಪನವರು (1838-1910) ತಮ್ಮ ಗಳಿಕೆಯನ್ನು ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಪ್ರವಾಸಿಗರಿಗೆ ಛತ್ರ ಕಟ್ಟಲು, ಓದುವ ಹುಡುಗರಿಗೆ ಹಾಸ್ಟೆಲ್ ನಡೆಸಲು ಕೊಟ್ಟರು. ಪೇಟೆಗೆ ಬಂದವನಿಗೆ ಮೊದಲು ಬೇಕಾದದ್ದು ಇಳಿದುಕೊಳ್ಳಲು ಒಂದು ಜಾಗ ಅಂತ, ತಾನೂ ಹಾಗೇ ಬಂದ ಮನುಷ್ಯನಿಗೆ ಗೊತ್ತಿತ್ತು.

1884ರಲ್ಲಿ ಬೆಂಗಳೂರು-ತುಮಕೂರು ರೈಲು ಬಂತು. ಆಮೇಲೆ ಬಸ್ಸು, ಲಾರಿ ಬಂದವು. ರಸ್ತೆ ಎನ್‌ಎಚ್ 4 ಆಯಿತು, 2010ರಲ್ಲಿ ನಂಬರು ಬದಲಾಗಿ 48 ಆಯಿತು. ಅದೇ ವರ್ಷ ಪೀಣ್ಯದ ಮೇಲೆ ಉದ್ದದ ಮೇಲ್ಸೇತುವೆಯೂ ಬಂತು. ಪ್ರತಿ ಸಲವೂ ರಸ್ತೆ ವೇಗವಾಯಿತು, ಪ್ರತಿ ಸಲವೂ ಒಂದಷ್ಟು ನಿಲ್ಲುವ ಜಾಗಗಳು ಮಾಯವಾದವು. ನಾನು ವೇಗದ ವಿರೋಧಿಯಲ್ಲ. ಅಜ್ಜಿಗೆ ರಾತ್ರಿ ಉಸಿರು ಕಟ್ಟಿದಾಗ ಅದೇ ರಸ್ತೆ ನಮ್ಮನ್ನು ಬೇಗ ಆಸ್ಪತ್ರೆಗೆ ತಲುಪಿಸಿತು. ಆದರೆ ಧನುರ್ಮಾಸದ ಪುಣ್ಯದಿಂದ ನಮ್ಮೂರಿನ ಮದುವೆ ಛತ್ರ ಎರಡು ದಿನದ ಮಟ್ಟಿಗೆ ಮತ್ತೆ ನಿಜವಾದ ಛತ್ರವಾದದ್ದು ನೋಡಿ ನನಗೆ ಖುಷಿಯಾದದ್ದೂ ನಿಜ.

ಇಷ್ಟೆಲ್ಲ ಎತ್ತು-ಬಂಡಿಯ ಕಥೆಯಾಯಿತು, ಸೈಕಲ್ಲಿಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಬಂದೆ ಬಂದೆ.

ನಮ್ಮ ದೇಶದಿಂದ ಗುಂಪಾಗಿ ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟ ಮೊದಲಿಗರ ಕಥೆ ಕೇಳಿರಬಹುದು. 1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಜನ ಪಾರ್ಸಿ ಹುಡುಗರು ಹೊರಟರು. ಎಲ್ಲರೂ ಬಾಂಬೆ ವೆಯ್ಟ್‌ಲಿಫ್ಟಿಂಗ್ ಕ್ಲಬ್ಬಿನವರು, ಅಂದರೆ ಭಾರ ಎತ್ತಿ ಪಳಗಿದ ಗಟ್ಟಿ ಆಳುಗಳು. ಇರಾನ್, ಇರಾಕ್, ಸಿರಿಯಾದ ಮರಳುಗಾಡು, ಯುರೋಪು, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಬರ್ಮಾ ಎಲ್ಲ ಸುತ್ತಿ 1928ರ ಮಾರ್ಚ್ 18ಕ್ಕೆ ವಾಪಸ್ ಬಂದರು. ಬಂದದ್ದು ಮೂವರು, ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ. ಉಳಿದ ಮೂವರು ದಾರಿಯಲ್ಲಿ ಬಿಟ್ಟಿದ್ದರು. ತುಳಿದ ದೂರ 71,000 ಕಿಲೋಮೀಟರ್. ಅವರು ಬರೆದ ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಬರೆದರು.

71,000 ಅನ್ನುವ ಅಂಕಿ ಕೇಳಿ ಎಲ್ಲರೂ ಅಬ್ಬಾ ಅನ್ನುತ್ತಾರೆ. ನಾನು ಒಂದು ಸಣ್ಣ ಲೆಕ್ಕ ಮಾಡಿದೆ. ಹೊರಟ ದಿನದಿಂದ ಬಂದ ದಿನಕ್ಕೆ 1,616 ದಿನ. ಭಾಗಿಸಿದರೆ ದಿನಕ್ಕೆ ಸರಾಸರಿ 44 ಕಿಲೋಮೀಟರ್. ಅಂದರೆ ನಮ್ಮೂರಿನಿಂದ ತುಮಕೂರಿಗೆ ಹೋದಷ್ಟೂ ಇಲ್ಲ! ಈ ಹುಡುಗರು ಮನಸ್ಸು ಮಾಡಿದರೆ ಒಂದು ದಿನಕ್ಕೆ ಅದರ ಎರಡರಷ್ಟು ತುಳಿಯುವವರು. ಹಾಗಾದರೆ ಉಳಿದ ದಿನಗಳು ಎಲ್ಲಿ ಹೋದವು? ಹಡಗಿನಲ್ಲಿ, ಕಾಯಿಲೆಯಲ್ಲಿ, ರಿಪೇರಿಯಲ್ಲಿ, ಕಾಗದಪತ್ರಕ್ಕೆ ಕಾಯುವುದರಲ್ಲಿ, ಯಾರದೋ ಮನೆಯ ಊಟದಲ್ಲಿ ಹೋಗಿರಲೇಬೇಕು. ದಾಖಲೆಯಲ್ಲಿ ಕಾಣುವುದು ತುಳಿದ ದಿನ. ಆ ದಾಖಲೆಯನ್ನು ಸಾಧ್ಯ ಮಾಡಿದ್ದು ತುಳಿಯದ ದಿನ. ಸೊನ್ನೆಗೆ ಹೆದರಿದ್ದರೆ ಅವರು ಬಾಗ್ದಾದನ್ನೂ ಮುಟ್ಟುತ್ತಿರಲಿಲ್ಲವೇನೋ.

ಈಗ ಇನ್ನೊಂದು ಕಡೆ ನೋಡೋಣ, ಟೂರ್ ದ ಫ್ರಾನ್ಸ್. 1903ರಲ್ಲಿ ಪತ್ರಿಕೆಯೊಂದರ ಮಾರಾಟ ಹೆಚ್ಚಿಸಲು ಶುರುವಾದ ಸೈಕಲ್ ರೇಸು ಅದು. ಮೊದಲ ವರ್ಷ ಆರೇ ಘಟ್ಟ, ಒಟ್ಟು 2,428 ಕಿಲೋಮೀಟರ್. ಮೊದಲನೆಯದೇ ಪ್ಯಾರಿಸ್ಸಿನಿಂದ ಲಿಯೋನ್‌ವರೆಗೆ 467 ಕಿಲೋಮೀಟರ್. ಗೆದ್ದ ಮೋರಿಸ್ ಗರಾಂಗೆ ಅದಕ್ಕೇ ಹದಿನೇಳು ಮುಕ್ಕಾಲು ಗಂಟೆ ಬೇಕಾಯಿತು. ರಾತ್ರಿಯೆಲ್ಲ ತುಳಿಯಬೇಕು. ಅದಕ್ಕೇ ಘಟ್ಟಗಳ ನಡುವೆ ಒಂದರಿಂದ ಮೂರು ದಿನ ಬಿಡುವು. ಹೊರಟವರು 60, ಮುಗಿಸಿದವರು 21.

ಬಿಡುವು ಕೊಟ್ಟರಲ್ಲ, ಒಳ್ಳೆಯವರು ಅಂತೀರಾ? ನಾನೂ ಹಾಗೇ ಅಂದುಕೊಂಡೆ. ಆದರೆ 1924ರ ಕಥೆ ಓದಿ ಮನಸ್ಸು ಬದಲಾಯಿತು. ಆ ವರ್ಷ ಹದಿನೈದು ಘಟ್ಟ, 5,425 ಕಿಲೋಮೀಟರ್. ಹೆಚ್ಚುಕಡಿಮೆ ಒಂದು ದಿನ ತುಳಿ, ಒಂದು ದಿನ ಸುಧಾರಿಸಿಕೋ. ಹಿಂದಿನ ವರ್ಷ ಗೆದ್ದಿದ್ದ ಆಂರಿ ಪೆಲಿಸಿಯೆ, ಅವನ ತಮ್ಮ ಫ್ರಾನ್ಸಿಸ್, ಜೊತೆಗೆ ಇನ್ನೊಬ್ಬ, ಮೂವರೂ ಕುತಾನ್ಸ್ ಅನ್ನುವ ಊರಿನಲ್ಲಿ ರೇಸು ಬಿಟ್ಟು ಹೊರಬಂದರು. ಚಳಿಗೆ ಹಾಕಿಕೊಂಡ ಮೇಲಂಗಿಯನ್ನು ಬಿಸಿಲಾದಾಗ ಬಿಚ್ಚಿ ಎಸೆಯುವಂತಿಲ್ಲ ಅನ್ನುವ ನಿಯಮದ ಮೇಲೆ ಎದ್ದ ಜಗಳ ಅದು. ಅಲ್ಲಿಗೆ ಬಂದ ಆಲ್ಬೇರ್ ಲೋಂದ್ರ್ ಎಂಬ ಪತ್ರಕರ್ತನಿಗೆ ತಮ್ಮ ಚೀಲ ಬಿಚ್ಚಿ ತೋರಿಸಿದರು. ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೋಫಾರ್ಮ್, ಡಬ್ಬಿ ಡಬ್ಬಿ ಮಾತ್ರೆ. ರಸ್ತೆಯ ಮೇಲಿನ ಕಠಿಣ ಸಜೆಯ ಕೈದಿಗಳು ಅನ್ನುವ ಹೆಸರು ಆ ಸವಾರರಿಗೆ ಅಂಟಿಕೊಂಡದ್ದು ಆಗಿನಿಂದ.

ಅಂದರೆ ಬಿಡುವಿನಲ್ಲೂ ಎರಡು ಜಾತಿ. ಎತ್ತು ಬದುಕಲಿ ಅಂತ ಕೊಡುವ ಬಿಡುವು ಒಂದು. ನಾಳೆ ಇನ್ನೂ ಜಾಸ್ತಿ ಎಳೆಯಲಿ ಅಂತ ಕೊಡುವ ಬಿಡುವು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮಾರನೆ ದಿನ ಎಷ್ಟು ದೂರ ಎಳೆಸುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಕಾಲ ಸರಿದಂತೆ ಟೂರ್‌ನಲ್ಲಿ ಘಟ್ಟಗಳು ಚಿಕ್ಕದಾದವು, ಬಿಡುವಿನ ದಿನಗಳೂ ಕಡಿಮೆಯಾದವು. ಈಗ ಮೂರು ವಾರದಲ್ಲಿ 21 ಘಟ್ಟ, ಎರಡು ದಿನ ಬಿಡುವು. 2023ರಲ್ಲಿ ಆ ಎರಡು ದಿನ ಯಾವುದು ಗೊತ್ತೇ? ಜುಲೈ 10 ಮತ್ತು ಜುಲೈ 17. ಎರಡೂ ಸೋಮವಾರ! ಅವರಿಗೆ ಬಸವನ ಭಕ್ತಿಯಿಲ್ಲ. ಶನಿವಾರ ಭಾನುವಾರ ಜನ ರೇಸು ನೋಡಲು ಸೇರುತ್ತಾರೆ, ಹಾಗಾಗಿ ಸೋಮವಾರ ಖಾಲಿ ಬಿಡುವುದು ಅನುಕೂಲ. ಆದರೂ ಇದನ್ನು ಹೇಳಿದಾಗ ನಮ್ಮಜ್ಜಿ "ನೋಡ್ದಾ, ಅವ್ರಿಗೂ ಗೊತ್ತದೆ" ಅಂತ ಬೀಗಿದಳು. ನಾನು ತಿದ್ದಲು ಹೋಗಲಿಲ್ಲ.

ಕ್ರಿಕೆಟ್ ಹುಚ್ಚಿರುವವರಿಗೆ ಇನ್ನೊಂದು ನೆನಪು. ಟೆಸ್ಟ್ ಪಂದ್ಯದ ನಡುವೆ ಬಿಡುವಿನ ದಿನ ಇರುತ್ತಿದ್ದ ಕಾಲವೊಂದಿತ್ತು. 1987ರ ಮಾರ್ಚಿನಲ್ಲಿ ನಮ್ಮ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಪಾಕಿಸ್ತಾನದ ಎದುರು 221 ಬೆನ್ನು ಹತ್ತಿದ್ದ ಭಾರತ ನಾಲ್ಕು ವಿಕೆಟ್ಟಿಗೆ 99 ಆಗಿದ್ದಾಗ ಭಾನುವಾರದ ಆಟ ಮುಗಿಯಿತು. ಮಾರ್ಚ್ 16 ಬಿಡುವು, ಅದೂ ಸೋಮವಾರವೇ. ಮಂಗಳವಾರ ಗವಾಸ್ಕರ್ ತಮ್ಮ ಕೊನೆಯ ಟೆಸ್ಟಿನಲ್ಲಿ 96ಕ್ಕೆ ಔಟಾದರು, ನಾವು 16 ರನ್ನಿನಿಂದ ಸೋತೆವು. ಆ ಸೋಮವಾರ ಪೂರ್ತಿ ಇಡೀ ಊರು ಅದನ್ನೇ ಮಾತಾಡಿದ್ದನ್ನು ದೊಡ್ಡವರು ಈಗಲೂ ಹೇಳುತ್ತಾರೆ. ಆಡದ ದಿನವೂ ಆಟದ ಒಂದು ಭಾಗವಾಗಿತ್ತು ಆಗ.

ಮತ್ತೆ ಛತ್ರಕ್ಕೆ ಬರೋಣ. ಬೆಳಿಗ್ಗೆ ಹತ್ತಕ್ಕೆಲ್ಲ ಛತ್ರದ ಅಂಗಳ ಧೋಬಿಘಾಟ್ ಆಗಿತ್ತು. ಆರು ದಿನದ ಬೆವರಿನ ಬಟ್ಟೆಗಳು ಹಗ್ಗದ ಮೇಲೆ. ಇಬ್ಬರು ಸೀಮೆಎಣ್ಣೆಯಲ್ಲಿ ಚೈನು ತೊಳೆಯುತ್ತಿದ್ದರು. ಒಬ್ಬ ಹಿಂದಿನ ಗಾಲಿಯ ಬೆಂಡು ತೆಗೆಸಲು ಸೈಕಲ್ ಅಂಗಡಿಗೆ ಹೊತ್ತುಕೊಂಡು ಹೋದ, ತುಳಿದುಕೊಂಡಲ್ಲ! ಮಿಕ್ಕವರು ಬಾಯಿ ಬಿಟ್ಟುಕೊಂಡು ನಿದ್ದೆ. ಮಧ್ಯಾಹ್ನ ನಮ್ಮ ಚಿಕ್ಕಮ್ಮ ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಮಾಡಿದ್ದರು. ಡಿಸೆಂಬರ್ ಅಂದರೆ ಅವರೆಕಾಯಿ ಕಾಲ ತಾನೇ. ರೊಟ್ಟಿ ಜನಕ್ಕೆ ಮುದ್ದೆ ನುಂಗಲು ಕಲಿಸುವುದೇ ಒಂದು ಮನರಂಜನೆಯಾಯಿತು.

ಊಟ ಮಾಡುತ್ತಾ ಮೇಷ್ಟ್ರು ಆ ಹುಡುಗನಿಗೆ ಪಾಠ ಹೇಳಿದರು. ಸ್ನಾಯುವಿನೊಳಗೆ ಗ್ಲೈಕೋಜನ್ ಅಂತ ಇಂಧನ ಇರುತ್ತದೆ, ದಿನವಿಡೀ ತುಳಿದರೆ ಬಹುಪಾಲು ಖಾಲಿಯಾಗುತ್ತದೆ. ಚೆನ್ನಾಗಿ ತಿಂದರೂ ಅದು ಪೂರ್ತಿ ತುಂಬಲು ಸುಮಾರು 24 ಗಂಟೆ ಬೇಕು. ದಿನಾ ಬೆಳಿಗ್ಗೆ ಮುಕ್ಕಾಲು ತುಂಬಿದ ಟ್ಯಾಂಕಿನಲ್ಲಿ ಹೊರಟರೆ ಏಳನೆಯ ದಿನ ಏನು ಉಳಿದಿರುತ್ತದೆ? ಇನ್ನು ಮೊಣಕಾಲಿನ ಸ್ನಾಯುರಜ್ಜು ಸ್ನಾಯುವಿಗಿಂತ ನಿಧಾನವಾಗಿ ವಾಸಿಯಾಗುವಂಥದ್ದು. ಉತ್ಸಾಹ ಎಷ್ಟಿದ್ದರೂ ಅದಕ್ಕೆ ಅರ್ಥವಾಗುವುದಿಲ್ಲ. "ನಿನಗ ಬಾಯಿ ಐತಿ, ಆದ್ರ ಸಾಕು ಅನ್ನಾಕ ನಿನಗ ನಾಚಿಕಿ. ಅದಕ್ಕ ಗುಂಪಿಗೊಂದು ಸೂಟಿ ಇಟ್ಟೇವಿ. ಯಾರೂ ಕೇಳೂದು ಬ್ಯಾಡ, ಯಾರೂ ನಾಚಿಕೊಳ್ಳೂದು ಬ್ಯಾಡ" ಅಂದರು.

ಅಜ್ಜಿಯ ಎತ್ತಿಗೆ ಬಾಯಿಲ್ಲ. ಈ ಹುಡುಗನಿಗೆ ಬಾಯಿದ್ದೂ ಇಲ್ಲ. ಎರಡಕ್ಕೂ ಮದ್ದು ಒಂದೇ.

ಆದರೆ ಆವತ್ತು ನನ್ನ ಮನಸ್ಸಿನಲ್ಲಿ ಉಳಿದದ್ದು ಇದಲ್ಲ. ಮೂರು ಗಂಟೆ ಹೊತ್ತಿಗೆ ಬೆಂಡು ತೆಗೆಸಲು ಕೊಟ್ಟ ಗಾಲಿ ತರಲು ಮೇಷ್ಟ್ರ ಜೊತೆ ನಾನೂ ಸೈಕಲ್ ಅಂಗಡಿಗೆ ಹೋದೆ. ನಾನು ಚಿಕ್ಕವನಿದ್ದಾಗ ಗಂಟೆಗೆ ಎಂಟಾಣೆ ಕೊಟ್ಟು ಬಾಡಿಗೆ ಸೈಕಲ್ ತಂದು ಒಳಪೆಡ್ಲು ಹೊಡೆಯುತ್ತಿದ್ದೆನಲ್ಲ, ಅಂಥದ್ದೇ ಅಂಗಡಿ. ಅಲ್ಲಿ ಒಬ್ಬ ಹುಡುಗ ಪಂಚರ್ ಹಾಕಿಸಲು ಕಾಯುತ್ತಿದ್ದ. ಇಪ್ಪತ್ತು ಇಪ್ಪತ್ತೊಂದು ವಯಸ್ಸು, ಬೆನ್ನ ಮೇಲೆ ದೊಡ್ಡ ಚೌಕದ ಚೀಲ. ಮನೆಮನೆಗೆ ಸಾಮಾನು ತಲುಪಿಸುವವನು. ರಾಯಚೂರು ಕಡೆಯವನಂತೆ. ಬೈಕಿಗೆ ದುಡ್ಡಿಲ್ಲದೆ ಸೈಕಲ್ಲಿನಲ್ಲೇ ಶುರು ಮಾಡಿದ್ದ. ಮೇಷ್ಟ್ರು ತಮ್ಮ ಕಡೆಯ ಭಾಷೆ ಕೇಳಿ ಖುಷಿಯಿಂದ, "ದಿನಕ್ಕ ಎಷ್ಟು ಕಿಲೋಮೀಟರ್ ತುಳಿತಿ?" ಅಂತ ಕೇಳಿದರು.

"ಅರವತ್ತು ಎಪ್ಪತ್ತು ಆಗ್ತೈತ್ರಿ."

"ಸೂಟಿ ಯಾವತ್ತು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲವೇನೋ ಅನ್ನುವ ಹಾಗೆ ನೋಡಿದ. ಆಮೇಲೆ ನಕ್ಕ. "ಸೂಟಿ ಯಾವಾಗ ಬೇಕಾದ್ರ ತಗೋಬಹುದ್ರಿ. ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ವಾರ ಪೂರಾ ಮಾಡಿದ್ರ ಇನ್ಸೆಂಟಿವ್ ಸಿಗ್ತೈತಿ. ಒಂದಿನ ಬಿಟ್ರ ಅದು ಹೋತು."

ಮೇಷ್ಟ್ರು ಮಾತಾಡಲಿಲ್ಲ. ಹನ್ನೊಂದು ಜನ ಹವ್ಯಾಸಕ್ಕೆ ದಿನಕ್ಕೆ ಎಂಬತ್ತು ಕಿಲೋಮೀಟರ್ ತುಳಿದು, ಏಳನೆಯ ದಿನ ಕಡ್ಡಾಯ ಬಿಡುವು ಅಂತ ಮಲಗಿದ್ದಾರೆ. ಹೊಟ್ಟೆಪಾಡಿಗೆ ಅರವತ್ತು ಎಪ್ಪತ್ತು ತುಳಿಯುವ ಇವನಿಗೆ ಬಿಡುವು 'ಯಾವಾಗ ಬೇಕಾದರೂ' ಇದೆ. ಅಂದರೆ ಯಾವಾಗಲೂ ಇಲ್ಲ.

ವಾರಕ್ಕೊಂದು ರಜೆ ನಮಗೆ ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ವಾರದ ರಜೆಯೇ ಇರಲಿಲ್ಲ. ಜೋತಿಬಾ ಫುಲೆಯವರ ಒಡನಾಡಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರನ್ನು ಒಟ್ಟು ಸೇರಿಸಿ, ಸಾವಿರಾರು ಜನರ ಸಹಿ ಹಾಕಿಸಿ ಭಾನುವಾರದ ರಜೆ ಕೇಳಿದರು. ಸಿಕ್ಕಿದ್ದು 1890ರ ಜೂನ್ 10ರಂದು, ಆರು ವರ್ಷ ಬಿಟ್ಟು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯೂ ವಾರಕ್ಕೊಂದು ರಜೆಯನ್ನು ಕಡ್ಡಾಯ ಮಾಡಿತು. ನಮ್ಮ ಪಕ್ಕದ ಪೀಣ್ಯದ ಎಷ್ಟೋ ಮನೆಗಳಲ್ಲಿ ಭಾನುವಾರ ಅಪ್ಪ ಮನೆಯಲ್ಲಿರುತ್ತಾರೆ ಅಂದರೆ ಅದರ ಹಿಂದೆ ಆ ಆರು ವರ್ಷಗಳಿವೆ. ಆನ್‌ಲೈನ್ ವೇದಿಕೆಗಳಿಗೆ ದುಡಿಯುವವರಿಗಾಗಿ ಕರ್ನಾಟಕವೂ 2025ರಲ್ಲಿ ಒಂದು ಕಾಯ್ದೆ ತಂದಿದೆ, ಕಲ್ಯಾಣ ಮಂಡಳಿ, ನಿಧಿ ಎಲ್ಲ ಇದೆ. ಒಳ್ಳೆಯದೇ ಆಯಿತು. ಆದರೆ ಒಂದು ದಿನ ಬಿಟ್ಟರೆ ವಾರದ ಇನ್ಸೆಂಟಿವ್ ಹೋಗುತ್ತದೆ ಅನ್ನುವ ಲೆಕ್ಕ ಇರುವವರೆಗೂ ಆ ಹುಡುಗ ಸೋಮವಾರವೂ ತುಳಿಯುತ್ತಾನೆ. ಕಟ್ಟಿದರೆ ಎಳೀತದೆ ಅಂದಳಲ್ಲ ಅಜ್ಜಿ, ಇಲ್ಲಿ ಕಟ್ಟುವವನೂ ಅವನೇ, ಎಳೆಯುವವನೂ ಅವನೇ. ನೊಗ ಮಾತ್ರ ಬೇರೆ ಯಾರದೋ.

ಮೇಷ್ಟ್ರು ಅವನನ್ನು ಛತ್ರಕ್ಕೆ ಊಟಕ್ಕೆ ಕರೆದರು. "ಇನ್ನೂ ಮೂರು ಆರ್ಡರ್ ಅದಾವ್ರಿ" ಅಂದ. ಪಂಚರಿನ ದುಡ್ಡನ್ನು ಮೇಷ್ಟ್ರು ಕೊಡಲು ಹೋದರೆ ಬೇಡವೆಂದ. ಹೋಗುವಾಗ ಮಾತ್ರ ಆ ಗಾಲಿಯನ್ನು, ಅದರ ತೆಳ್ಳನೆ ಟೈರನ್ನು ಒಮ್ಮೆ ಒತ್ತಿ ನೋಡಿ, "ಛಲೋ ಐತ್ರಿ" ಅಂತ ಹೇಳಿ ಹೊರಟ. ಸರ್ವಿಸ್ ರಸ್ತೆಯಲ್ಲಿ ಲಾರಿಗಳ ನಡುವೆ ಆ ಚೌಕದ ಚೀಲ ಸ್ವಲ್ಪ ದೂರ ಕಾಣುತ್ತಿತ್ತು.

ವಾಪಸ್ ಬಂದಾಗ ಶಿವಗಂಗೆಯ ಹುಡುಗ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಅಜ್ಜಿ ಹರಳೆಣ್ಣೆ ಬಿಸಿ ಮಾಡಿಸಿ ಅವನ ಮೊಣಕಾಲಿಗೆ ಹಚ್ಚಿಸುತ್ತಿದ್ದಳು. ಮೇಷ್ಟ್ರು ಆ ಅಂಗಡಿಯ ಕಥೆಯನ್ನು ಅವನಿಗೆ ಹೇಳಿದರು. ಏನೂ ನೀತಿ ಸೇರಿಸಲಿಲ್ಲ. ಅವನು ಸುಮ್ಮನೆ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಫೋನನ್ನು ಮಗುಚಿಟ್ಟು ಮಲಗಿದ.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಹನ್ನೊಂದೂ ಜನ ಹೊರಟರು. ಚಳಿ, ಮಂಜು, ಹಿಂದಿನ ಕೆಂಪು ದೀಪಗಳು ಮಿಣಮಿಣ. ಎರಡು ನಿಮಿಷದಲ್ಲಿ ನಮ್ಮೂರು ದಾಟಿ ಹೋದರು, ಎಲ್ಲರ ಹಾಗೆ. ಆದರೆ ಇವರಿಗೆ ನಮ್ಮೂರಿನ ಹೆಸರು ಗೊತ್ತು, ನಮ್ಮ ಚಿಕ್ಕಮ್ಮನ ಸಾರು ಗೊತ್ತು. ಜನವರಿಯಲ್ಲಿ ಮೇಷ್ಟ್ರು ಫೋನ್ ಮಾಡಿದ್ದರು. ಹನ್ನೊಂದೂ ಜನ ಕನ್ಯಾಕುಮಾರಿ ಮುಟ್ಟಿದರಂತೆ. ಹುಡುಗ ಅಜ್ಜಿಯನ್ನು ಕೇಳಿದನಂತೆ.

ನಾನು ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವನು. ಹೇಳಿಕೊಳ್ಳಲು ಶನಿವಾರ ಭಾನುವಾರ ರಜೆ, ಆದರೆ ಫೋನು ಗುಂಯ್ ಅಂದರೆ ಕೈ ತಾನೇ ಹೋಗುತ್ತದೆ. ಈ ಲೇಖನದ ಅರ್ಧ ಬರೆದಿದ್ದಾಗಲೂ ಹಾಗೇ ಆಯಿತು. ಅಜ್ಜಿ ನೋಡುತ್ತಿದ್ದವಳು ಕೇಳಿದಳು, "ನಿನ್ ಸ್ವಾಮಾರ ಯಾವತ್ಲಾ?"

ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ನಿಮ್ಮ ಕಡೆ ಎತ್ತಿಗೆ ಬಿಡುವಿನ ದಿನ ಯಾವುದು? ಸೋಮವಾರವೇ ಅಥವಾ ಬೇರೆ ವಾರವೇ? ತಲೆಹೊರೆ ಇಳಿಸುವ ಕಲ್ಲಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಅವಸರವೇನಿಲ್ಲ, ಬಿಡುವಾದಾಗ.